ಕಲ್ಪಿತ ಕಂಪ್ಯೂಟರಿಗೆ ಕಲ್ಪಿತ ಅತ್ತೆ

ಮುಳಬಾಗಿಲು ತಾಲ್ಲೂಕಿನಲ್ಲಿ ಯಾರ ಬದು ಎಲ್ಲಿ ಮುಗಿದು ಯಾರ ಬದು ಎಲ್ಲಿ ಶುರುವಾಗುತ್ತದೆಂದು ಇಪ್ಪತ್ತಾರು ವರ್ಷಗಳಿಂದ ಅಳೆದು ಹೇಳುತ್ತಿದ್ದ ಸರ್ವೆಯರ್ ಕೋದಂಡರಾಮಪ್ಪನಿಗೆ, ಒಂದು ಭಾನುವಾರ, ತನ್ನ ಸ್ವಂತ ಮನೆಯಲ್ಲಿ ತನ್ನದೆನ್ನುವ ಜಾಗ ಎಷ್ಟಿದೆಯೆಂದು ಅಳೆದು ನೋಡುವ ಮನಸ್ಸಾಯಿತು. ಟೇಪು ಹಿಡಿದ. ಅಳೆದ. ಮೂರೂಕಾಲು ಅಡಿ ಉದ್ದ, ಎರಡಡಿ ಅಗಲ. ಅಷ್ಟೂ ದೇವರ ಕೋಣೆಯ ಪಕ್ಕದ ಕಿರುಕೋಣೆಯಲ್ಲಿದ್ದ ಕಂಪ್ಯೂಟರ್ ಮೇಜು. (ಮೇಜಿನ ಮುಂದಿನ ಕುರ್ಚಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದರ ಮೇಲೆ ಮಡಚದ ಬಟ್ಟೆ ವಾಸವಿತ್ತು.)

ಉಳಿದದ್ದೆಲ್ಲ ಒತ್ತುವರಿ. ನಡುಮನೆಯಲ್ಲಿ ಹೆಂಡತಿ ಸುನಂದಳ ಕಸೂತಿ ಯಂತ್ರ, ಹನ್ನೆರಡು ಸೂಜಿಗಳನ್ನು ಕೆಳಮುಖ ಮಾಡಿಕೊಂಡು, ಮನೆದೇವರ ಹಾಗೆ ಪೂರ್ವಕ್ಕೆ ತಿರುಗಿ ಕೂತಿತ್ತು. ಮಲಗುವ ಕೋಣೆಯಲ್ಲಿ ರವಿಕೆ ಬಟ್ಟೆಗಳ ಗುಡ್ಡ. ಜಗಲಿಯ ತುಂಬ ಗಿರಾಕಿಗಳ ಚಪ್ಪಲಿ. ಅಡುಗೆಮನೆ, ದೇವರ ಕೋಣೆ ಮತ್ತು ಅವೆರಡರ ನಡುವೆ ಓಡಾಡುವ ಗಾಳಿ ಅತ್ತೆ ವೆಂಕಟರತ್ನಮ್ಮನವರ ಸ್ವಾಧೀನ. ಅವರು ಶ್ರೀನಿವಾಸಪುರದಿಂದ ಸಂಕ್ರಾಂತಿಗೆಂದು ಎಂಟು ದಿನದ ಮಟ್ಟಿಗೆ ಬಂದವರು. ಈಗ ಮಾವಿನ ಹೂವು ಉದುರಿ ಮಿಡಿ ಕಚ್ಚುವ ಕಾಲ. (ಇಂಗ್ಲಿಷಿನ ಎಂಟನ್ನು ಅಡ್ಡ ಮಲಗಿಸಿದರೆ ಅನಂತವಾಗುತ್ತದೆಂದು ಗಣಿತದ ಮೇಷ್ಟ್ರು ಹೇಳಿದ್ದು ಕೋದಂಡರಾಮಪ್ಪನಿಗೆ ಅತ್ತೆ ಮಧ್ಯಾಹ್ನ ಅಡ್ಡಾದಾಗಲೆಲ್ಲ ನೆನಪಾಗುತ್ತಿತ್ತು.)

ಆದರೂ ಅವನಿಗೆ ದೊಡ್ಡ ದುಃಖವೇನೂ ಇರಲಿಲ್ಲ. ಕನಸು ಕಾಣುವುದಕ್ಕೆ ಎಷ್ಟು ಜಾಗ ಬೇಕು? ಅದಕ್ಕೆ ನಿದ್ದೆಯೂ ಬೇಡ. ಬೈರಕೂರಿನ ಕಡೆ ಒಂದು ಹೊಲ ಅಳೆಯಲು ಹೋದವನು, ಹಿಪ್ಪುನೇರಳೆ ಎಲೆಗಳ ಮೇಲೆ ಗಾಳಿ ಹೋಗುವುದನ್ನು ನೋಡುತ್ತ ನೋಡುತ್ತ ಸರಪಳಿಯ ಸಮೇತ ಪಕ್ಕದ ಕೆರೆಯೊಳಗೆ ಇಳಿದು ಮೂರು ಗುಂಟೆ ನೀರನ್ನು ಯಾರದೋ ಹೆಸರಿಗೆ ಅಳೆದಿದ್ದ. ಅಂಥವನಿಗೆ ಈ ಮೇಜೇ ಸಾಮ್ರಾಜ್ಯ. ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ತಾನೇ ಹಾಕಿದ್ದ. ಪರದೆಯ ಮೇಲೆ ತಾನೇ ತೆಗೆದ ಮಾವಿನ ತೋಪಿನ ಚಿತ್ರ. ಸಂಜೆ ಕಚೇರಿಯಿಂದ ಬಂದು ಆ ತೋಪಿನ ಮುಂದೆ ಕೂತರೆ ಮೂಗಿಗೆ ಹೂವಿನ ವಾಸನೆ ಬರುತ್ತಿತ್ತು. (ಸುನಂದಳ ಪ್ರಕಾರ ಅದು ಒಗ್ಗರಣೆ.)

ಈ ಸಾಮ್ರಾಜ್ಯಕ್ಕೆ ಸೋಮವಾರ ಬೆಳಿಗ್ಗೆ ಕುತ್ತು ಬಂತು.

"ರೀ, ನಿಮ್ಮ ಕಂಪ್ಯೂಟರ್ ನನಗೆ ಬೇಕು," ಎಂದಳು ಸುನಂದ.

ವಿಷಯ ಇಷ್ಟೇ. ಸುನಂದ ಕಸೂತಿಯ ಚಿತ್ರಗಳನ್ನು ಬರೆಯುತ್ತಿದ್ದ ಹಳೆಯ ಲ್ಯಾಪ್‌ಟಾಪು ಹುರುಳಿ ಸಾರು ಕುಡಿದು ಕಣ್ಣು ಮುಚ್ಚಿತ್ತು. ಕಸೂತಿಯ ತಂತ್ರಾಂಶಕ್ಕೋ ವಿಂಡೋಸ್ ಹನ್ನೊಂದೇ ಆಗಬೇಕು. ಲಿನಕ್ಸಿನ ಪಂಕ್ತಿಯಲ್ಲಿ ಅದು ಊಟಕ್ಕೆ ಕೂರುವುದಿಲ್ಲ. ಇತ್ತ ಕ್ಯಾಲನೂರಿನ ಪದ್ಮಶ್ರೀಯ ಮದುವೆ ಭಾನುವಾರ. ಧಾರೆಯ ರವಿಕೆಯ ಬೆನ್ನಿಗೆ ಹದಿನೆಂಟು ಗರಿಯ ನವಿಲು ಬೇಕೆಂದು ಹೇಳಿ ಹೋಗಿದ್ದಾಳೆ. ಶುಕ್ರವಾರ ಬೆಳಿಗ್ಗೆ ಬರುತ್ತಾಳೆ. ಬಂದಾಗ ನವಿಲು ಇರಬೇಕು.

"ಅವಳಿಗೆ ಇನ್ನೂ ನಾಲ್ಕು ಜನ ತಂಗಿಯರು ಕಣ್ರೀ. ಇದೊಂದು ಚೆನ್ನಾಗಿ ಬಂದ್ರೆ ಕ್ಯಾಲನೂರೇ ನನ್ನ ಕೈಗೆ ಬರುತ್ತೆ. ಕೆಟ್ರೆ, ಕೋಲಾರದ ಅಂಗಡಿಗೆ ಹೋಗ್ತಾರೆ. ವೆಂಕಟ್‌ಗೆ ಫೋನ್ ಮಾಡಿದೀನಿ."

ವೆಂಕಟ್ ಎಂದರೆ ಅವಳ ತಮ್ಮ. ಮಾಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನೈದು ವರ್ಷವಾದವನು. ಸ್ಪೀಕರಿನಲ್ಲಿ ಅವನ ಧ್ವನಿ ಉತ್ಸಾಹದಿಂದ ಬಂತು:

"ಅರ್ಧ ಗಂಟೆ ಕೆಲಸ ಅಕ್ಕಾ. ಬಾವನ ಕಂಪ್ಯೂಟರ್ ಪೂರ್ತಿ ಒರೆಸಿ ಹಾಕಿ ವಿಂಡೋಸ್ ಕೂರಿಸಿಬಿಡ್ತೀನಿ."

ಒರೆಸಿ! ಕೋದಂಡರಾಮಪ್ಪನ ಕಣ್ಣ ಮುಂದೆ ಒದ್ದೆ ಬಟ್ಟೆಯೊಂದು ಮಾವಿನ ತೋಪಿನ ಮೇಲೆ ನಿಧಾನವಾಗಿ ಹಾದುಹೋಯಿತು. ಹೂವು ಹೋಯಿತು, ಕೊಂಬೆ ಹೋಯಿತು, ಮೂರೂಕಾಲು ಅಡಿ ಭೂಮಿಯೂ ಹೋಯಿತು. ಆ ಭಯದಲ್ಲೇ ಅವನಿಗೆ ಜ್ಞಾನೋದಯವಾಯಿತು.

"ಯಾರೂ ಏನೂ ಒರೆಸೋದು ಬೇಡ. ನನ್ನ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಮಾಡ್ತೀನಿ. ವರ್ಚುಯಲ್ ಮಷೀನ್ ಅಂತಾರೆ. ಇರಲ್ಲ, ಆದ್ರೆ ಇದೆ ಅಂದ್ಕೊಂಡ್ರೆ ಇರುತ್ತೆ. ಅದರೊಳಗೆ ವಿಂಡೋಸ್ ಇರ್ಲಿ. ಮನೆಯೊಳಗೊಂದು ಮನೆ!"

"ಇರೋ ಮನೆಗೆ ಸುಣ್ಣ ಹೊಡ್ಸಕ್ಕೇ ಎರಡು ವರ್ಷ ಮಾಡಿದ್ರಿ. ಮನೆಯೊಳಗೆ ಮನೆ ಕಟ್ತಾರಂತೆ," ಎಂದಳು ಸುನಂದ. ನಂತರ ಅವನ ಮುಖ ನೋಡಿದಳು. ಸರ್ಕಾರಿ ನೌಕರನ ಮುಖದಲ್ಲಿ ಅಷ್ಟು ಬೆಳಕನ್ನು ಬಹಳ ದಿನದಿಂದ ಕಂಡಿರಲಿಲ್ಲವೆಂದು ಕಾಣುತ್ತದೆ, ಸ್ವಲ್ಪ ಕರಗಿದಳು. "ಗುರುವಾರ ಸಾಯಂಕಾಲ ಐದು ಗಂಟೆ ತನಕ ನಿಮ್ಮದು. ಅಷ್ಟರಲ್ಲಿ ನವಿಲು ಹೊಲಿಗೆಗೆ ಬರ್ಲಿಲ್ವೋ, ವೆಂಕಟ್ ಬರ್ತಾನೆ."

ಕೋದಂಡರಾಮಪ್ಪ ಮೂರು ದಿನ ರಜೆ ಹಾಕಿದ.

ಮಂಗಳವಾರ ಪಾಯ ತೆಗೆದ. ಇಲ್ಲದ ಕಂಪ್ಯೂಟರಿಗೆ ಇಷ್ಟು ಮೆದುಳು, ಇಷ್ಟು ನೆನಪು, ಇಷ್ಟು ಹೊಟ್ಟೆ ಎಂದು ತನ್ನ ಕಂಪ್ಯೂಟರಿನಿಂದಲೇ ಪಾಲು ಮಾಡಿ ಕೊಟ್ಟ. (ಪಾಲು ಮಾಡುವುದು ಅವನ ಕಸುಬು, ಆದರೆ ಪಾಲುದಾರರು ಕೈಕೈ ಮಿಲಾಯಿಸದೆ ಒಪ್ಪಿದ್ದು ಇದೇ ಮೊದಲು.) ವಿಂಡೋಸನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಅದು ಒಳಗೆ ಇಣುಕಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಮುಖ ಸಿಂಡರಿಸಿ, "ಈ ಕಂಪ್ಯೂಟರ್ ನಮ್ಮ ಕನಿಷ್ಠ ಅರ್ಹತೆಗಳನ್ನು ಪೂರೈಸುವುದಿಲ್ಲ" ಎಂದು ಹೇಳಿ ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋಯಿತು.

ಸಂಬಂಧ ಮುರಿದುಬಿದ್ದದ್ದಕ್ಕೆ ಕಾರಣ ಹುಡುಕುತ್ತ ಅವನು ಮಂಗಳವಾರವಿಡೀ ಓದಿದ. ಕಾರಣ ಭದ್ರತೆ. ವಿಂಡೋಸಿನ ಕಡೆಯವರಿಗೆ ಎರಡು ಏರ್ಪಾಡು ಬೇಕೇಬೇಕು. ಮೊದಲನೆಯದು ಸೆಕ್ಯೂರ್ ಬೂಟ್. ಕಾನ್ವೆಂಟ್ ಶಾಲೆಯ ಗೇಟಿನಲ್ಲಿ ಬೆಳಿಗ್ಗೆ ನಿಂತು ಉಗುರು, ಕರವಸ್ತ್ರ, ಶೂ ಪಾಲಿಶ್ ನೋಡಿ ಒಳಗೆ ಬಿಡುವ ಸಿಸ್ಟರ್ ಇದ್ದಾರಲ್ಲ, ಹಾಗೆ. ಕಂಪ್ಯೂಟರು ಎದ್ದೇಳುವಾಗ ಸರಿಯಾದ ಸಹಿಯಿಲ್ಲದ ಯಾರನ್ನೂ ಅದು ಒಳಗೆ ಬಿಡುವುದಿಲ್ಲ. ಎರಡನೆಯದು ಟಿಪಿಎಂ ಎಂಬ ಪುಟ್ಟ ಚಿಪ್ಪು. ಮನೆಯ ಬೀಗದ ಕೈಗಳೆಲ್ಲ ಅದರ ಬಳಿ. ಯಾರಿಗೂ ಕೊಡುವುದಿಲ್ಲ, ಎಲ್ಲಿಟ್ಟಿದ್ದೇನೆಂದು ಹೇಳುವುದಿಲ್ಲ, ಯಾರು ಯಾವಾಗ ಬಂದರು ಹೋದರು ಎಂದು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ.

ಓದುತ್ತಿದ್ದ ಕೋದಂಡರಾಮಪ್ಪ ತಲೆಯೆತ್ತಿದ. ಎದುರಿಗೆ ವೆಂಕಟರತ್ನಮ್ಮನವರು, ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ಸಕ್ಕರೆ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕುತ್ತಿದ್ದರು.

ಓಹೋ! ಅತ್ತೆ!

ಕಲ್ಪಿತ ಕಂಪ್ಯೂಟರಿನಲ್ಲಿ ಈ ಚಿಪ್ಪಿಲ್ಲ. ಆದರೆ ಕಲ್ಪಿತ ಕಂಪ್ಯೂಟರಿಗೆ ಕಲ್ಪಿತ ಅತ್ತೆಯನ್ನು ತಂದು ಕೂರಿಸಲು ಒಂದು ಗುಂಡಿ ಒತ್ತಿದರೆ ಸಾಕು. ಅದೆಷ್ಟು ಸುಖದ ಲೋಕ! ಬೇಕಾದಾಗ ಸೇರಿಸಬಹುದು, ಬೇಡವಾದರೆ ತೆಗೆಯಬಹುದು. ಅವನು ಆ 'ತೆಗೆ' ಗುಂಡಿಯನ್ನು ಬಹಳ ಹೊತ್ತು ಪ್ರೀತಿಯಿಂದ ನೋಡುತ್ತ ಕೂತ.

ಬುಧವಾರ ಬೆಳಿಗ್ಗೆ ಸ್ನಾನ ಮಾಡಿ ಮೇಜಿನ ಮುಂದೆ ಕೂತಾಗ ಅತ್ತೆಯವರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹಿಂದೆಯೇ ಬಂದರು.

"ಏಮಯ್ಯಾ ಅಳಿಯಂದ್ರೇ, ಒಳಗೆ ಹೊಸ ಮನೆ ಅಂತೆ. ಪೂಜೆ ಇಲ್ಲದೆ ಗೃಹಪ್ರವೇಶನಾ?"

"ಮನೆ ಅಲ್ಲ ಅತ್ತೆ, ಕಂಪ್ಯೂಟರು. ಈಗ ಸೆಕ್ಯೂರ್ ಬೂಟ್ ಹಾಕ್ತಾ ಇದೀನಿ."

"ದೇವರ ಕೋಣೆ ಪಕ್ಕದಲ್ಲಿ ಬೂಟಾ? ಹೊರಗೆ ಬಿಡಯ್ಯಾ!"

ಅವರು ಪರದೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಮಾವಿನ ತೋಪಿನ ನೆತ್ತಿಗೆ ಕುಂಕುಮವಿಟ್ಟರು. ಕೋದಂಡರಾಮಪ್ಪ ಬೂಟಿನ ಚೌಕಕ್ಕೆ ಗುರುತು ಹಾಕಿ, ಕಲ್ಪಿತ ಅತ್ತೆಯನ್ನು ಸೇರಿಸುವ ಗುಂಡಿ ಒತ್ತಿದ. ತಕ್ಷಣ ಯಂತ್ರ ಒಂದು ಷರತ್ತು ಹಾಕಿತು: ಅತ್ತೆ ಬರಬೇಕಾದರೆ ಮೊದಲು ಇಡೀ ಮನೆಗೆ ಬೀಗ ಹಾಕಬೇಕು. ಆ ಬೀಗಕ್ಕೊಂದು ಪಾಸ್‌ವರ್ಡ್ ಕೊಡಬೇಕು. ಮರೆತರೆ ಮನೆಯೂ ಇಲ್ಲ, ಮನೆಯೊಳಗಿನದೂ ಇಲ್ಲ; ಬ್ರಹ್ಮನೇ ಬಂದರೂ ಬಾಗಿಲು ತೆರೆಯುವುದಿಲ್ಲ.

ಕೋದಂಡರಾಮಪ್ಪ ಪಾಸ್‌ವರ್ಡಿಗೆ ಯೋಚಿಸಲಿಲ್ಲ. ಅದು ಅವನ ಎದೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ತಯಾರಾಗಿ ಕೂತಿತ್ತು. ಬಾಯಲ್ಲಿ ಬರಲಾರದ್ದು ಬೆರಳಿನಲ್ಲಿ ಬರಲು ತುದಿಗಾಲಲ್ಲಿ ನಿಂತಿತ್ತು. (ಏನದು ಎಂದು ನನ್ನನ್ನು ಕೇಳಬೇಡಿ. ಅವನೇ ಬಾಯಿ ಬಿಡಲಿ.) ಕಣ್ಣು ಅರೆಮುಚ್ಚಿ ಬೆರಳೆತ್ತಿದ.

"ಆಗು, ನಿಲ್ಲು!" ಎಂದರು ಅತ್ತೆ. "ಮೊದಲು ಶ್ರೀ ಬರಿ."

"ಅತ್ತೆ, ಇದಕ್ಕೆಲ್ಲ ಶ್ರೀ ಬರೆಯಲ್ಲ."

"ಹೊಸ ಪುಸ್ತಕಕ್ಕೆ ಶ್ರೀ ಬರೀದೆ ಅಕ್ಷರ ಇಡೋರುಂಟಾ? ನಿಮ್ಮಪ್ಪ ಸಾಮಾನು ಚೀಟಿಗೂ ಶ್ರೀ ಹಾಕ್ತಿದ್ರು. ಬರಿ!"

ಸ್ಲೇಟಿನ ಕಾಲದಿಂದ ಕಲಿತ ಕೈ. ವಾದಕ್ಕೆ ನಿಲ್ಲಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಒತ್ತಿತು. ಪೆಟ್ಟಿಗೆಯಲ್ಲಿ ಮೂರು ಕಪ್ಪು ಚುಕ್ಕೆ ಬಿದ್ದವು.

"ಚುಕ್ಕಿ ಯಾಕೆ ಬರ್ತಿದೆ? ರಂಗೋಲಿನಾ?"

"ಹೂಂ ಅತ್ತೆ, ರಂಗೋಲಿ," ಎಂದವನೇ ಅದರ ಮುಂದೆ ತನ್ನ ಎದೆಯ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೊಡೆದ. ಇನ್ನೊಮ್ಮೆ ಬರೆದು ಖಚಿತಪಡಿಸಿ ಎಂದಿತು ಯಂತ್ರ. ಎರಡನೆಯ ಪೆಟ್ಟಿಗೆಯೂ ಹೊಸದೇ ಅಲ್ಲವೇ ಎಂದರು ಅತ್ತೆ. ಅದಕ್ಕೂ ಶ್ರೀ ಬಿತ್ತು. ಎರಡೂ ತಾಳೆಯಾಯಿತು. ಬೀಗ ಬಿತ್ತು.

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಮಾತು. ಆ ಶ್ರೀಯೂ ಪಾಸ್‌ವರ್ಡಿನ ಪಾಲಾಯಿತೆಂದು ಕೋದಂಡರಾಮಪ್ಪನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಕಾಗದದ ನೆತ್ತಿಯ ಮೇಲಿನ ಶ್ರೀಯನ್ನು ನಮ್ಮಲ್ಲಿ ಯಾರಾದರೂ ಕಾಗದದ ಭಾಗವೆಂದು ಓದಿದ್ದುಂಟೆ? ಅದು ಅಲ್ಲಿರುತ್ತದೆ, ಅಷ್ಟೇ. ಹಣೆಯ ಮೇಲೆ ಕುಂಕುಮ ಇದ್ದಂತೆ. ನೀವು ನೆನಪಿಟ್ಟುಕೊಳ್ಳಿ. ಅವನಂತೂ ಇಟ್ಟುಕೊಳ್ಳಲಿಲ್ಲ.

ಈ ಸಲ ವಿಂಡೋಸಿನ ಕಡೆಯವರು ಬಂದರು, ಗೇಟಿನ ಸಿಸ್ಟರನ್ನು ನೋಡಿದರು, ಒಳಗಿನ ಅತ್ತೆಯನ್ನು ನೋಡಿದರು, ಕುಲಸ್ಥರ ಮನೆ ಎಂದು ತಲೆದೂಗಿ ಚಾಪೆಯ ಮೇಲೆ ಕೂತರು. ಪರದೆ ನೀಲಿಯಾಯಿತು. ನೀಲಿಯ ನಡುವೆ ಬಿಳಿಯ ಚುಕ್ಕೆಗಳು ಒಂದರ ಹಿಂದೊಂದು ವೃತ್ತವಾಗಿ ಸುತ್ತತೊಡಗಿದವು. ಶೇಕಡಾ ನಾಲ್ಕು. ಶೇಕಡಾ ಏಳು.

ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ಇಳಿದು ನೆಲದ ಮೇಲೆ ಬಿಲ್ಲೆಯಾಗಿ ಬಿದ್ದಿತ್ತು. ಹೆದ್ದಾರಿಯಲ್ಲಿ ಆಂಧ್ರದ ಕಡೆ ಹೋಗುವ ಲಾರಿಗಳ ಸದ್ದು ದೂರದ ಹೊಳೆಯಂತೆ ಕೇಳುತ್ತಿತ್ತು. ಚುಕ್ಕೆಗಳು ಸುತ್ತಿದವು. ಕೋದಂಡರಾಮಪ್ಪ ಹೆಗಲ ಮೇಲೆ ಸರಪಳಿ ಹೊತ್ತು ಆ ನೀಲಿಯೊಳಕ್ಕೆ ಇಳಿದ. ಒಳಗೆ ತಣ್ಣಗಿತ್ತು. ಒಂದು ಅಂಗಳ, ಅಂಗಳದ ತುಂಬ ಮಾವಿನ ಹೂವು. ಅಳೆದ, ಅಳೆದಷ್ಟೂ ಅವನದೇ. ಎಲ್ಲಿಯೂ ಬದುವಿಲ್ಲ, ತಕರಾರಿಲ್ಲ. ಖಾಲಿ ಕುರ್ಚಿ! ಅದರ ಮೇಲೆ ಒಂದು ಬಟ್ಟೆಯೂ ಇಲ್ಲ. ಕೂತು "ಕಾಫಿ" ಎಂದ. ಕಾಫಿ ಬಂತು. "ಸಕ್ಕರೆ ಕಡಿಮೆ" ಎಂದ. ಸಕ್ಕರೆ ತಾನೇ ನಡೆದುಕೊಂಡು ಬಂತು. ಆ ಮನೆಯ ಮೂಲೆಯಲ್ಲೂ ಒಂದು ಮೇಜು, ಮೇಜಿನ ಮೇಲೊಂದು ಕಂಪ್ಯೂಟರು. ಅದರೊಳಗೆ ಇಣುಕಿದ. ಅಲ್ಲೂ ಒಂದು ಅಂಗಳ, ಅಲ್ಲೂ ಒಬ್ಬ ಕೋದಂಡರಾಮಪ್ಪ, ಸ್ವಲ್ಪ ಚಿಕ್ಕವನು, ತಲೆಯಲ್ಲಿ ಕೂದಲು ಜಾಸ್ತಿ. ಅವನ ಮೇಜಿನೊಳಗೆ ಇನ್ನೂ ಚಿಕ್ಕವನು. ಹಾಗೆ ಒಳಗೆ ಒಳಗೆ ಇಳಿದು, ಕಟ್ಟಕಡೆಯ ಅಂಗಳದಲ್ಲಿ, ಹೆಬ್ಬೆರಳಿನಷ್ಟು ಪುಟ್ಟ ಸುನಂದ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತು ಹೇಳಿದಳು:

"ರೀ, ಹಾಲು ಉಕ್ತಿದೆ!"

ಎಚ್ಚರವಾಯಿತು. ನಿಜವಾಗಿಯೂ ಉಕ್ಕಿತ್ತು. ನೋಡಿಕೊಳ್ಳಿ ಎಂದು ಒಂದು ಗಂಟೆಯ ಹಿಂದೆಯೇ ಹೇಳಿದ್ದಳಂತೆ. ಆದರೆ ಅತ್ತೆಯವರು ಕೋಪಿಸಿಕೊಳ್ಳಲಿಲ್ಲ. "ಗೃಹಪ್ರವೇಶಕ್ಕೆ ಹಾಲು ಉಕ್ಕಬೇಕು, ಮಂಚಿದೇ, ಒಳ್ಳೇದೇ ಆಯ್ತು," ಎಂದರು. ಪರದೆಯ ಮೇಲೆ ವಿಂಡೋಸ್ ಹನ್ನೊಂದು ಸಂಸಾರ ಹೂಡಿ ಕೂತಿತ್ತು.

ಆ ಸಂಜೆ ಸುನಂದ ಕುರ್ಚಿಯ ಮೇಲಿನ ಬಟ್ಟೆಯನ್ನು ಗಂಡನ ತೊಡೆಗೆ ವರ್ಗಾಯಿಸಿ ಕೂತಳು. ನಾಲ್ಕು ಗಂಟೆಯ ಕಾಲ ಎದ್ದೇಳಲಿಲ್ಲ. ಒಂದೊಂದು ಗರಿಯನ್ನೂ ಎಳೆಎಳೆಯಾಗಿ ಬಿಡಿಸಿದಳು. ಕತ್ತಿನ ನೀಲಿ, ಗರಿಯ ತುದಿಯ ಚಿನ್ನ, ಕಣ್ಣಿನ ಒಂದು ಚುಕ್ಕೆಗೆ ಹದಿಮೂರು ಹೊಲಿಗೆ. ಹದಿನೆಂಟನೆಯ ಗರಿ ಮುಗಿದಾಗ ಅವಳು ಬೆನ್ನು ಹಿಂದಕ್ಕೆ ಚೆಲ್ಲಿ, "ಪರವಾಗಿಲ್ಲ ರೀ. ಒಳ್ಳೇ ಕೆಲಸ ಮಾಡಿದೀರ," ಎಂದಳು.

ಮದುವೆಯಾದ ಇಪ್ಪತ್ನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ಪ್ರಶಸ್ತಿಪತ್ರ! ಕೋದಂಡರಾಮಪ್ಪ ಅಲ್ಲೇ ಬಾಮೈದನಿಗೆ ಫೋನ್ ಹಚ್ಚಿದ.

"ವೆಂಕಟ್, ನೀನು ಬರೋದು ಬೇಡಪ್ಪ. ಬಾವನೇ ಮುಗಿಸಿದಾನೆ."

"ಆಯ್ತು ಬಾವ. ಹಂಗಾದ್ರೆ ಸುಮ್ನೆ ನೋಡಕ್ಕೆ ಬರ್ತೀನಿ," ಎಂದ ವೆಂಕಟ್.

ಗುರುವಾರ ಬೆಳಿಗ್ಗೆ ಸುನಂದ ರವಿಕೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಹನ್ನೆರಡು ಸೂಜಿಗೂ ದಾರ ಪೋಣಿಸಿದಳು. ಇನ್ನೇನು ನವಿಲನ್ನು ಕಂಪ್ಯೂಟರಿನಿಂದ ಯಂತ್ರಕ್ಕೆ ಸಾಗಿಸಬೇಕು. ಕರೆಂಟು ಹೋಯಿತು. ಹೋದದ್ದು ಒಂದು ಗಂಟೆ ಬಿಟ್ಟು ಬಂತು. ಕೋದಂಡರಾಮಪ್ಪ ತನ್ನ ಕಂಪ್ಯೂಟರು ಹಚ್ಚಿ, ಒಳಮನೆಯ ಬಾಗಿಲು ತಟ್ಟಿದ. ಒಳಮನೆ ಪಾಸ್‌ವರ್ಡ್ ಕೇಳಿತು.

"ಎಲ್ಲರೂ ಹೊರಗೆ ಹೋಗಿ," ಎಂದ ಗಂಭೀರವಾಗಿ. "ಭದ್ರತೆಯ ವಿಷಯ."

ತಾಯಿ ಮಗಳು ಇಬ್ಬರನ್ನೂ ಆಚೆ ಕಳಿಸಿ, ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯ ಪರದೆ ಎಳೆದು, ಎದೆಯ ವಾಕ್ಯವನ್ನು ಒತ್ತಿದ.

'ತಪ್ಪು' ಎಂದಿತು ಯಂತ್ರ.

ಬೆರಳು ಜಾರಿರಬೇಕು. ಮತ್ತೆ ಒತ್ತಿದ. ತಪ್ಪು. ಕನ್ನಡಕ ಒರೆಸಿಕೊಂಡು ಒತ್ತಿದ. ತಪ್ಪು. ದೊಡ್ಡ ಅಕ್ಷರದಲ್ಲಿ, ಚಿಕ್ಕ ಅಕ್ಷರದಲ್ಲಿ, ಬಲಗೈಯ ಒಂದೇ ಬೆರಳಲ್ಲಿ, ಪೂರ್ವಕ್ಕೆ ತಿರುಗಿ, ಉಸಿರು ಬಿಗಿ ಹಿಡಿದು. ತಪ್ಪು, ತಪ್ಪು, ತಪ್ಪು. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೊಂದು ಸಲವಾಗಿತ್ತು. ಮೂಡಲ ಬಾಗಿಲೇ ಮುಳಬಾಗಿಲಾದ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಒಂದು ಬಾಗಿಲು ತೆರೆಯಲಾಗುತ್ತಿಲ್ಲ!

ಹೊರಗಿನಿಂದ ಸುನಂದ ಬಾಗಿಲು ತಟ್ಟಿದಳು. "ಏನ್ರೀ ಅಲ್ಲಿ? ಮೂರು ಗಂಟೆ ಆಯ್ತು."

"ಪಾಸ್‌ವರ್ಡ್ ಸ್ವಲ್ಪ ತಕರಾರು ಮಾಡ್ತಿದೆ."

"ಏನಂತ ಹೇಳಿ, ನಾನು ಹೊಡೀತೀನಿ."

"ಅದು ಗೋಪ್ಯ."

ಹೊರಗೆ ಒಂದು ಕ್ಷಣ ಮೌನ. ಸರ್ವೆಯರನಾದವನಿಗೆ ಗೊತ್ತು, ಜಗಳ ಶುರುವಾಗುವ ಮುಂಚೆ ಎರಡು ಹೊಲಗಳ ನಡುವೆ ಇಂಥದೇ ಮೌನವಿರುತ್ತದೆ.

"ಗಂಡ ಹೆಂಡ್ತಿ ಮಧ್ಯೆ ಏನ್ರೀ ಗೋಪ್ಯ? ಯಾರ ಹೆಸರದು?"

"ಹೆಸರಲ್ಲ ಕಣೇ!"

"ಹೆಸರಲ್ದೆ ಇದ್ರೆ ಹೇಳಕ್ಕೇನು ನಾಚಿಕೆ? ಅಮ್ಮಾ, ಕೇಳಿದ್ಯಾ? ಗೋಪ್ಯ ಅಂತೆ!"

"ನಾನು ನಿನ್ನೇನೇ ಅಂದ್ಕೊಂಡೆ," ಎಂದಿತು ಅತ್ತೆಯವರ ಧ್ವನಿ. "ಬರೀವಾಗ ಕಣ್ಣು ಅರ್ಧ ಮುಚ್ಕೊಂಡಿದ್ದ. ಮುಖದಲ್ಲಿ ಅದೇನು ಆನಂದ! ಕಚೇರಿಗೆ ಹೊಸದಾಗಿ ಒಬ್ಬಳು ಬಂದಿದಾಳೆ ಅಂದ್ಯಲ್ಲೇ, ಅನಿತ ಅಂತ?"

"ಅತ್ತೆ! ಅನಿತ ಮೇಡಂ ನನಗೆ ಅಧಿಕಾರಿ! ಮುಂದಿನ ವರ್ಷ ರಿಟೈರ್ ಆಗ್ತಾರೆ!"

"ವಯಸ್ಸು ಕೂಡ ಗೊತ್ತು ನೋಡು."

ಕೋದಂಡರಾಮಪ್ಪ ತಲೆಯ ಮೇಲೆ ಕೈ ಹೊತ್ತ. ಒಳಮನೆಯನ್ನು ಕೆಡವಿ ಹೊಸದಾಗಿ ಕಟ್ಟಬಹುದಿತ್ತು. ಆದರೆ ನವಿಲು ಒಳಗೆ ಸಿಕ್ಕಿಕೊಂಡಿದೆ. ಪಾಸ್‌ವರ್ಡ್ ಹೇಳಿಬಿಡಬಹುದಿತ್ತು, ಆದರೆ ಅದನ್ನು ಹೇಳುವುದಕ್ಕಿಂತ ಅನಿತ ಮೇಡಂ ಹೆಸರನ್ನೇ ಒಪ್ಪಿಕೊಳ್ಳುವುದು ವಾಸಿ ಎನ್ನಿಸಿ, ಆ ಯೋಚನೆಗೇ ಬೆವರಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಬೀದಿಯಲ್ಲಿ ಬೈಕು ನಿಂತಿತು. "ಅಕ್ಕಾ, ಡಿಸ್ಕ್ ತಂದಿದೀನಿ. ಯಾವುದಕ್ಕೂ ಇರ್ಲಿ ಅಂತ," ಎಂದು ವೆಂಕಟ್ ಹೇಳುವುದು ಕೇಳಿಸಿತು. ಕೋದಂಡರಾಮಪ್ಪ ಅಗುಳಿ ತೆಗೆದ.

ಬಾಗಿಲಿನ ಆಚೆ ಸುನಂದ ಕಸೂತಿ ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಬೈಯುವಳೆಂದು ಅವನು ತಲೆ ತಗ್ಗಿಸಿ ತಯಾರಾದ. ಅವಳು ಬೈಯಲಿಲ್ಲ.

"ಹದಿನೆಂಟು ಗರಿ ರೀ," ಎಂದಳು ಮೆಲ್ಲಗೆ. "ಅದೇ ತರ ಇನ್ನೊಂದ್ಸಲ ಬರಲ್ಲ. ಯಾರ ಹೆಸರಾದ್ರೂ ಆಗಿರ್ಲಿ, ನಾನು ಕೇಳಲ್ಲ. ನನಗೆ ನನ್ನ ನವಿಲು ಕೊಡಿ."

ಚೌಕಟ್ಟಿನಲ್ಲಿ ಬಿಗಿದ ಖಾಲಿ ರೇಷ್ಮೆಯ ಮೇಲೆ ಅವಳ ಕೈಯಿತ್ತು. ಆ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು ಎಷ್ಟಿವೆಯೆಂದು, ಊರೆಲ್ಲ ಅಳೆದವನು ಎಂದೂ ಎಣಿಸಿರಲಿಲ್ಲ. ಕೋದಂಡರಾಮಪ್ಪನ ಮಾನ ಅವನ ಒಳಗೇ ಒಂದು ಸಲ ಹೊರಳಿತು, ನಿಟ್ಟುಸಿರು ಬಿಟ್ಟಿತು, ಶರಣಾಯಿತು. ಅವನು ಬಗ್ಗಿ ಹೆಂಡತಿಯ ಕಿವಿಯ ಹತ್ತಿರ ಬಾಯಿ ತಂದ. ಪಿಸುಗುಟ್ಟಿದ.

"ಹಾಂ?" ಎಂದಳು ಸುನಂದ.

"ಏಮಂಟಾಡು? ಏನಂದ? ಗಟ್ಟಿಯಾಗಿ ಹೇಳಯ್ಯಾ," ಎಂದರು ಅತ್ತೆ, ಕಿವಿಗೆ ಕೈ ಕೊಟ್ಟು. "ನನಗೆ ಈ ಕಡೆ ಕಿವಿ ಮಂದ."

"ಬಾವ, ಜೋರಾಗಿ ಹೇಳಿ, ನಾನು ಬರ್ಕೋತೀನಿ," ಎಂದ ವೆಂಕಟ್, ಪೆನ್ನು ತೆಗೆದು.

ಕೋದಂಡರಾಮಪ್ಪ ಕಣ್ಣು ಮುಚ್ಚಿದ. ಎದೆ ತುಂಬ ಉಸಿರೆಳೆದುಕೊಂಡ. ಇಪ್ಪತ್ನಾಲ್ಕು ವರ್ಷದ ಉಗಿ ಒಟ್ಟಿಗೆ ಹೊರಬಂತು:

"ಈ ಮನೆಗೆ ನಾನೇ ಯಜಮಾನ!"

ಬೀದಿ ತಿರುವಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಆವಲಪ್ಪನ ಪೆಟ್ಟಿಗೆ ಯಾರದೋ ಅಂಗಿಯ ಮೇಲೆ ನಿಂತುಬಿಟ್ಟಿತು. ವೆಂಕಟನ ಪೆನ್ನು ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲು ಬಗ್ಗಿ, ಅಗತ್ಯಕ್ಕಿಂತ ಬಹಳ ಹೊತ್ತು ಬಗ್ಗಿಯೇ ಇದ್ದ. ಅವನ ಬೆನ್ನು ಅಲುಗುತ್ತಿತ್ತು.

"ಯಾರು?" ಎಂದು ವೆಂಕಟರತ್ನಮ್ಮನವರು ಸುತ್ತ ನೋಡಿದರು. "ಯಾರು ಬಂದ್ರು?"

"ಯಾರೂ ಇಲ್ಲಮ್ಮ," ಎಂದಳು ಸುನಂದ. ಅವಳ ತುಟಿ ಬಿಗಿಯಾಗಿತ್ತು, ಕಣ್ಣು ಬಿಗಿಯಾಗಿರಲಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತಳು.

"ಸುಮ್ನೆ ಕಣೇ, ಹನ್ನೊಂದು ಸಲ ಹೊಡೆದಿದೀನಿ. ತಪ್ಪು ಅಂತಾನೇ ಹೇಳುತ್ತೆ," ಎಂದ ಕೋದಂಡರಾಮಪ್ಪ ಗೋಡೆಗೆ ಮುಖ ಮಾಡಿಕೊಂಡು.

ಸುನಂದ ಬೆರಳಿಟ್ಟಳು. ಹಿಂದಿನಿಂದ ಅತ್ತೆಯವರ ಕೈ ಅವಳ ಭುಜದ ಮೇಲೆ ಬಿತ್ತು.

"ಶ್ರೀ ಬರೆದ್ಯಾ?"

"ಬರೆದೆ ಕಣಮ್ಮ, ಅಷ್ಟೂ ಗೊತ್ತಿಲ್ವಾ ನನಗೆ?" ಎಂದಳು ಸುನಂದ. ಎಂಟನೆಯ ವಯಸ್ಸಿನಿಂದ ಅಮ್ಮನ ಮುಂದೆ ಯಾವ 'ಮೊದಲ ಅಕ್ಷರ' ಬರೆಯುವಾಗಲೂ ಅವಳು ಶ್ರೀ ಬಿಟ್ಟವಳಲ್ಲ.

ಮಿಕ್ಕದ್ದನ್ನು ಒತ್ತಿದಳು. ಬಾಗಿಲು ತೆರೆಯಿತು. ನೀಲಿಯ ನಡುವಿನಿಂದ ನವಿಲು, ಹದಿನೆಂಟು ಗರಿಯನ್ನೂ ಬಿಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಹೊರಗೆ ನೋಡಿತು. ಹತ್ತು ನಿಮಿಷದಲ್ಲಿ ನಡುಮನೆಯಲ್ಲಿ ಹನ್ನೆರಡು ಸೂಜಿಗಳು ಟಕಟಕ ಎಂದು ಮಳೆ ಹುಯ್ಯತೊಡಗಿದವು.

ಮೂರು ಚುಕ್ಕೆಯ ರಂಗೋಲಿ ಕೋದಂಡರಾಮಪ್ಪನ ನೆನಪಿಗೆ ಬಂದದ್ದು ಆಗ. ಅದನ್ನು ಯಾರಿಗೂ ಹೇಳಲಿಲ್ಲ. ಮಾತು ತಿರುಗಿಸಲು ಗಂಟಲು ಸರಿಮಾಡಿಕೊಂಡ.

"ಆ ಪಾಸ್‌ವರ್ಡ್ ಈಗಲೇ ಬದಲಾಯಿಸಿಬಿಡಬೇಕು. ಬೀದಿಗೆಲ್ಲ ಗೊತ್ತಾಯ್ತು. ಭದ್ರತೆಯ ದೃಷ್ಟಿಯಿಂದ ತುಂಬಾ ಅಪಾಯ."

"ಬೇಡ ರೀ, ಅದೇ ಇರ್ಲಿ," ಎಂದಳು ಸುನಂದ, ಯಂತ್ರದಿಂದ ಕಣ್ಣು ತೆಗೆಯದೆ. "ಇದಕ್ಕಿಂತ ಭದ್ರವಾದ್ದು ಸಿಗಲ್ಲ. ಕಳ್ಳನನ್ನ ಕೂರಿಸಿಕೊಂಡು ಕಾಫಿ ಕೊಟ್ಟು ಹೇಳಿದ್ರೂ ಅವನು ನಂಬಲ್ಲ."

ಶುಕ್ರವಾರ ಬೆಳಿಗ್ಗೆ ಪದ್ಮಶ್ರೀ ನಾಲ್ಕು ಜನ ತಂಗಿಯರನ್ನೂ ಕಟ್ಟಿಕೊಂಡು ಬಂದಳು. ರವಿಕೆಯನ್ನು ಬೆಳಕಿಗೆ ಹಿಡಿದು ಐವರೂ ಒಟ್ಟಿಗೆ ಉಸಿರು ಬಿಗಿ ಹಿಡಿದರು. ನಾಲ್ವರೂ ತಮಗೂ ಬೇಕೆಂದರು. ಬನ್ನಿ, ಬೇರೆ ಚಿತ್ರ ತೋರಿಸ್ತೀನಿ ಎಂದು ಸುನಂದ ಅವರನ್ನು ಕಂಪ್ಯೂಟರಿನ ಬಳಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂತಳು. ಕೋದಂಡರಾಮಪ್ಪ ಆರು ಲೋಟ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಳೆಬಿಸಿಲಿನಲ್ಲಿ ಕಾಫಿಯ ಹಬೆ ಮೇಲೇಳುತ್ತಿತ್ತು. ಆ ಹಬೆಯ ಆಚೆ, ಕನಸಿನಲ್ಲಿ ಕಂಡಂತೆ, ಅವನ ಹೆಂಡತಿ ಹತ್ತೂ ಬೆರಳಲ್ಲಿ, ಒಂದಕ್ಷರವೂ ತಡವರಿಸದೆ, ಶ್ರೀ ಹಾಕಿ, ಈ ಮನೆಗೆ ನಾನೇ ಯಜಮಾನ ಎಂದು ಬರೆದಳು.

ಯಂತ್ರ ಒಂದು ಕ್ಷಣ ಪರಿಶೀಲಿಸಿತು. ಗೇಟಿನ ಸಿಸ್ಟರನ್ನು ಕೇಳಿತು, ಒಳಗಿನ ಅತ್ತೆಯನ್ನು ಕೇಳಿತು. ಎಲ್ಲವೂ ಸರಿಯಾಗಿದೆ ಎಂದು ಒಪ್ಪಿಕೊಂಡು ಬಾಗಿಲು ತೆರೆಯಿತು.